ಹಲಗೆಗೆ ಕೆನ್ನೆಯಿಟ್ಟವರು

ಹಂಡೆಯೊಳಗೆ ನಿಂತು ಕುಣಿಯುವ ಮನುಷ್ಯನನ್ನು ನೀವು ನೋಡಿಲ್ಲವೆಂದರೆ ಇಳಕಲ್ಲಿಗೆ ತಡವಾಗಿ ಬಂದಿದ್ದೀರಿ ಎಂದೇ ಅರ್ಥ. ನಮ್ಮ ಓಣಿಯ ತುದಿಯಲ್ಲಿ, ಬೇವಿನ ಗಿಡದ ಕೆಳಗೆ, ತಾಮ್ರದ ಪಾತ್ರೆಗೆ ತವರದ ಲೇಪ ಕೊಡುವ ಅವರ ಕಲಾಯಿ ಭಟ್ಟಿ ಇತ್ತು. ಕಪ್ಪಾದ ತಾಮ್ರದ ಹಂಡೆಗೆ ಮರಳು, ಬೂದಿ, ಹುಣಸೆಹುಳಿ ಹಾಕಿ, ಬರಿಗಾಲಲ್ಲಿ ಒಳಗಿಳಿದು, ಎರಡೂ ಕೈಗಳನ್ನು ಗಿಡದ ಬೊಡ್ಡೆಗೆ ಊರಿ, ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತಿದ್ದರು. ಪಾತ್ರೆ ಬೆಳಗುವ ಕೆಲಸ ಅವರ ಅಂಗಾಲಿನದು. ನೀರಿಗೆ ಹೊರಟ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರೇನೂ ಕುಣಿತ ನಿಲ್ಲಿಸುತ್ತಿರಲಿಲ್ಲ. "ನಗ್ರೆವ್ವಾ, ನಗ್ರಿ. ನೀವು ನಕ್ಕಷ್ಟು ಹಂಡೆ ಬೆಳ್ಳಗಾಗತೈತಿ," ಎನ್ನುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದಲ್ಲ. ಹೊಸ ಕೊಡದ ಮೇಲೆ ಮೊಳೆಯಿಂದ ಚುಕ್ಕೆ ಹೊಡೆದು ಹೆಸರು ಕೆತ್ತುವ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಒಮ್ಮೆ ನಾನು, "ಕಾಕಾ, ಒಂದು ಮೂಲ್ಯಾಗ ನಿಮ್ಮ ಹೆಸರೂ ಹೊಡೀರಲ್ಲ," ಅಂದಿದ್ದೆ. "ಕೊಡದ ಮ್ಯಾಲ ನೀರ ಹೊರಾಕಿ ಹೆಸರಿರಬೇಕೋ ತಮ್ಮಾ. ಬಡದಾಂವನ ಹೆಸರ ತಗೊಂಡು ಏನ ಮಾಡ್ತಿ?" ಎಂದು ಮೊಳೆಯನ್ನು ಬಾಯಿಗೆ ಕಚ್ಚಿಕೊಂಡರು. ಊರಿಗೆಲ್ಲ ಅವರು ಕಲಾಯಿ ಕಾಕಾ. ಇಲ್ಲಿಯೂ ಹಾಗೇ ಇರಲಿ.

ಕೊನೆಗಾಲಕ್ಕೆ ಹುನಗುಂದದ ಮಗಳ ಮನೆ ಸೇರಿದ್ದರು. ಮೊನ್ನೆ ಸಂತೆಗೆ ಹೋಗಿ ಬಂದವರು, ಅವರು ತೀರಿಕೊಂಡರೆಂಬ ಸುದ್ದಿ ತಂದರು. ಆಗ ನಾನು ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿದ್ದೆ. ಅಲ್ಲಿಯ ಇಂಜಿನ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಇಂಜಿನ್ ನಿಲ್ಲಿಸಿ, ಯಾಕೆ ನಿಲ್ಲಿಸಿದೆ ಎಂದು ಕೇಳಿದ ಮುಕಾದಮನನ್ನು ಬೈದು ಮನೆಗೆ ಬಂದೆ. ನನಗೆ ಸಿಟ್ಟು ಬೇಗ. ದುಃಖ ಬಂದರೂ ಅದು ಮೊದಲು ಸಿಟ್ಟಾಗಿಯೇ ಹೊರಗೆ ಬರುತ್ತದೆ.

ಆ ಮನುಷ್ಯ ಎಂಥವರೆಂದು ಹೇಳಬೇಕಾದರೆ ಕಮತಗಿಯ ಗುಂಡಿಯ ವಿಷಯ ಹೇಳಬೇಕು. ಕಮತಗಿ ಸಂತೆಯಲ್ಲಿ ಯಾರಿಗೋ ಒಂದು ತಾಮ್ರದ ಗುಂಡಿಗೆ, ಅಂದರೆ ಕಂಠವಿರುವ ದುಂಡು ಪಾತ್ರೆಗೆ, ಕಲಾಯಿ ಮಾಡಿ ಕೊಟ್ಟು ಬಂದಿದ್ದರು. ಊರಿಗೆ ಮರಳಿದ ಮೇಲೆ ಗುಂಡಿಯ ಕಂಠದ ಒಳಗೆ ಹೆಬ್ಬೆರಳಿನಷ್ಟು ಜಾಗ ಬಿಟ್ಟುಹೋಯಿತೇನೋ ಎಂಬ ಸಂಶಯ ಹೊಕ್ಕಿತು. ಕಲಾಯಿ ಬಿಟ್ಟ ತಾಮ್ರಕ್ಕೆ ಹುಳಿ ತಾಗಿದರೆ ವಿಷ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಎದ್ದು ನಡೆದೇ ಹೋದರು. ಅಲ್ಲಿ ಮನೆಮನೆಗೆ ಹೋಗಿ, "ಎವ್ವಾ, ನಿಮ್ಮ ಗುಂಡ್ಯಾಗ ಮಜ್ಜಿಗಿ ಇಟ್ಟೀರೇನು?" ಎಂದು ಕೇಳಿ, ಹುಡುಕಿ ಹಿಡಿದರು. ನೋಡಿದರೆ ಜಾಗ ಬಿಟ್ಟಿರಲೇ ಇಲ್ಲ. "ಸುಮ್ಮನ ಅಷ್ಟ ದೂರ ನಡದ್ರಲ್ರಿ," ಎಂದು ನಾನು ನಕ್ಕರೆ, "ಸುಮ್ಮನ ಯಾಕ? ನಿದ್ದಿ ತಗೊಂಡ ಬಂದ್ನಿ," ಎಂದರು.

ಇನ್ನೊಂದು ಮಾತು. ಒಮ್ಮೆ ಭಟ್ಟಿಯ ಮುಂದೆ ನಿಂತು ನನ್ನೊಡನೆ ಹರಟುತ್ತಿದ್ದವರು ಇದ್ದಕ್ಕಿದ್ದಂತೆ ಮೂಗು ಅರಳಿಸಿ, "ಏನೋ ಕಮರು ವಾಸನಿ ಬರಾಕತ್ತೈತಲ್ಲ?" ಎಂದರು. ಕೆಳಗೆ ನೋಡಿದರೆ ಅವರದೇ ಕಾಲು ಕೆಂಡದ ಮೇಲಿತ್ತು! ನಲವತ್ತು ವರ್ಷ ಮರಳು ತಿಕ್ಕಿದ ಅಂಗಾಲು ಅದು. ಕಾಲೆತ್ತಿ ಕೆಂಡ ಉದುರಿಸಿಕೊಂಡು ಮಾತು ಮುಂದುವರಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದಿನ ನಗುವ ಬದಲು ಸ್ವಲ್ಪ ಬುದ್ಧಿ ಓಡಿಸಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ.

ನಮ್ಮ ಅಕ್ಕ ನೀಲವ್ವನ ವಿಷಯಕ್ಕೆ ಬರುತ್ತೇನೆ. ಮದುವೆಗೆ ಇನ್ನು ಎಂಟು ದಿನವಿದೆ ಎನ್ನುವಾಗ, ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದವಳು ಕೆಳಗೆ ಬಿದ್ದಳು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಮುಳ್ಳು ಚುಚ್ಚಿದರೂ ಗೊತ್ತಾಗದು. ವರನ ಕಡೆಯವರು ಬೇರೆ ಕಡೆ ನೋಡಿಕೊಂಡರು. ಕಲಾಯಿ ಕಾಕಾ ಹೆಸರು ಕೆತ್ತಿ, ಬೆಳ್ಳಗೆ ಮಾಡಿ ಕೊಟ್ಟಿದ್ದ ಮದುವೆಯ ಹಂಡೆ ಅಟ್ಟ ಸೇರಿತು. ಅವ್ವ ಅದನ್ನು ಬಳಸಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ನೇಕಾರರಿಗೆ ನೂಲಿನ ಕಂಡಿಕೆ ಸುತ್ತತೊಡಗಿದಳು. ಆರು ವರ್ಷ ಅವಳ ಲೋಕವೆಂದರೆ ಬಾಗಿಲಿನ ಚೌಕಟ್ಟಿನಲ್ಲಿ ಕಾಣುವಷ್ಟೇ. ಒಮ್ಮೆ ಕೂಡಲಸಂಗಮಕ್ಕೆ ಹೋಗಿ ಹೊಳೆ ನೋಡಬೇಕೆಂಬ ಆಸೆ ಅವಳಿಗೆ. ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟೆವು. ಊರ ಹೊರಗಿನ ಹಳ್ಳ ದಾಟುವಷ್ಟರಲ್ಲಿ ಕುಲುಕಾಟಕ್ಕೆ ಬೆನ್ನು ಹಿಡಿದು ಗೋಳಾಡಿದಳು. ತಿರುಗಿ ಬಂದೆವು.

ಅವತ್ತೇ ನನ್ನ ತಲೆಯೊಳಗೆ ಮೋಟಾರು ಹೊಕ್ಕಿದ್ದು. ಬಾಗಲಕೋಟೆಯ ಹತ್ತಿ ವ್ಯಾಪಾರಿಯೊಬ್ಬರ ಮೋಟಾರು ಗಾಡಿ ಹಳ್ಳಕ್ಕೆ ಬಿದ್ದು, ಬಳ್ಳಿ ಹಬ್ಬಿ ಕೂತಿತ್ತು. ಅದನ್ನು ಬೇಡಿ ಪಡೆದು ಎರಡು ಜೋಡಿ ಎತ್ತು ಕಟ್ಟಿ ಮನೆಗೆ ಎಳೆದು ತಂದೆ. "ಮೋಟಾರು ಎತ್ತಿಗೆ ಕಟ್ಟಬೇಕಂತ ನಮಗ ಗೊತ್ತಿರಲಿಲ್ಲಪಾ," ಎಂದು ಓಣಿಯೇ ಆಡಿಕೊಂಡಿತು. ಒಂದೂವರೆ ವರ್ಷ, ಜಿನ್ನಿನ ಕೆಲಸ ಮುಗಿಸಿ ಬಂದು ಅದರ ಕೆಳಗೆ ಬಿದ್ದುಕೊಂಡೆ. ಸ್ಪ್ರಿಂಗು ಹೊಸದಾಗಿ ಕೂರಿಸಿದೆ, ಬಡಿಗೇರನಿಂದ ಹಲಗೆಯ ಮೈ ಮಾಡಿಸಿದೆ. ಅಕ್ಕ ಕಾಲು ನೀಡಿ ಕೂರುವಂತೆ ಉದ್ದನೆಯ ಜಾಗ ಬಿಟ್ಟೆ. ಗಾಡಿ ಓಡಿತು. ಊರು ಬಾಯಿ ಮುಚ್ಚಿಕೊಂಡಿತು.

ಆದರೆ ಇಂಜಿನ್ನಿನ ಹೊಗೆಕೊಳವೆ ಅಕ್ಕನ ಕಾಲಿಡುವ ಹಲಗೆಯ ಕೆಳಗೇ ಹಾದುಹೋಗುತ್ತಿತ್ತು. ಇನ್ನೊಂದು ಬದಿಗೆ ಪೆಟ್ರೋಲಿನ ಡಬ್ಬಿ ಇತ್ತು. ಬೆಂಕಿಯಂತೆ ಕಾಯುವ ಕೊಳವೆಯನ್ನು ಅದರ ಮಗ್ಗುಲಿಗೆ ಒಯ್ಯಲು ನನಗೇನು ಹುಚ್ಚೇ? ಎರಡು ಮೈಲಿಗೆ ಹಲಗೆ ಕಾಯುತ್ತಿತ್ತು. ಅವ್ವನ ಕೌದಿ ಮಡಚಿ ಹಾಸಿದೆ, ಕೌದಿಯೇ ಕಮರಿತು. ಸೀಮೆಎಣ್ಣೆ ಡಬ್ಬಿಯ ತಗಡು ಬಿಡಿಸಿ ಬಡಿದೆ, ಅದು ಹಂಚಿನಂತೆ ಕಾದಿತು. ಬೇರೆಯವರಾದರೆ ಕಾಲು ಸುಟ್ಟೊಡನೆ ಎತ್ತಿಕೊಳ್ಳುತ್ತಾರೆ. ಅಕ್ಕನಿಗೆ ಸುಡುವುದು ಗೊತ್ತಾದರೆ ತಾನೆ?

ಕಾಕಾನ ಬಳಿ ಹೋದೆ. ಗಾಡಿಯ ಕೆಳಗೆ ತೂರಿ ಬಹಳ ಹೊತ್ತು ಕೊಳವೆ ನೋಡಿದರು. ಹೊರಗೆ ಬಂದು ಗಡ್ಡದ ಮಣ್ಣು ಕೊಡವಿ, "ಇಂಜಿನ್ ಸಾಹೇಬ್ರ, ಇದು ಒಲಿನ ಹೌದಲ್ಲ? ಉದ್ದಾಗಿ ಮಲಗೇತಿ, ಅಷ್ಟ," ಎಂದರು. ಚಿಲ್ಲರೆ ತಾಮ್ರ ಜೋಡಿಸಿ ಬೆಸೆದು, ಕೊಳವೆಗೂ ಹಲಗೆಗೂ ನಡುವೆ ನಿಲ್ಲುವಂತೆ ಬಾಗಿದ ಒಂದು ತಗಡು ಮಾಡಿದರು. ಎಷ್ಟು ಚೆಂದವಿತ್ತೆಂದರೆ ಗಾಡಿಯ ಕೆಳಗೆ ಹಾಕುವುದು ಪಾಪವೆನಿಸಿತು. ಅದಕ್ಕೆ ಎರಡೂ ಬದಿ ಕಲಾಯಿ ಬೇರೆ! ಮುಖ ನೋಡಿಕೊಳ್ಳಬಹುದಿತ್ತು. "ಕಲಾಯಿ ಇಲ್ಲದ ತಾಮ್ರ ನನ್ನ ಕೈಯಾಗಿಂದ ಹೊರಗ ಹೋಗೂದಿಲ್ಲ," ಎಂದು ಹೆಮ್ಮೆಯಿಂದ ಹೇಳಿದರು. ದಿನಾ ತವರ ಕರಗಿಸುವ ಅವರಿಗೂ ಹೊಳೆಯಲಿಲ್ಲ, ದಿನಾ ಇಂಜಿನ್ ಮುಂದೆ ಕೂರುವ ನನಗೂ ಹೊಳೆಯಲಿಲ್ಲ. ನಾವಿಬ್ಬರೂ ಹುನಗುಂದದ ದಾರಿಯ ಏರು ಹತ್ತುವಾಗ ಹಿಂದಿನಿಂದ ಕುರಿ ಕಾಯುವವನೊಬ್ಬ ಕೂಗುತ್ತಾ ಓಡಿಬಂದ: "ನಿಂದರ್ರೀ! ನಿಮ್ಮ ಗಾಡಿ ಬೆಳ್ಳಿ ಉಚ್ಚಿ ಹೊಯ್ಯಾಕತ್ತೈತಿ!" ಇಳಿದು ನೋಡಿದರೆ ಕಲಾಯಿಯೆಲ್ಲ ಕರಗಿ ದಾರಿಯುದ್ದಕ್ಕೂ ಹನಿಹನಿಯಾಗಿ ಬಿದ್ದಿತ್ತು. ಕಾಕಾ ರಸ್ತೆಯಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಣ್ಯಕ್ಕೆ ಅವತ್ತು ಅಕ್ಕ ಗಾಡಿಯಲ್ಲಿರಲಿಲ್ಲ.

ಮತ್ತೆ ತಗಡು ಬಡಿದರು, ಈ ಸಲ ಕಲಾಯಿ ಇಲ್ಲದೆ. ಅಲುಗಾಡಬಾರದೆಂದು ಹಲಗೆಗೆ ಬಿಗಿಯಾಗಿ ಅಂಟಿಸಿದಂತೆ ಕೂರಿಸಿದರು. ಅಕ್ಕ ಕೂರುವ ಜಾಗದಲ್ಲಿ ತಾವೇ ಕುಳಿತು, ಅಂಗಾಲು ಹಲಗೆಗೆ ಊರಿ, ಹುನಗುಂದದವರೆಗೆ ಹೋಗಿ ಬಂದರು. "ಭಾವಿ ನೀರಿನಂಗ ತಣ್ಣಗೈತಿ. ಕರಕೊಂಡ ಹೋಗು ನಮ್ಮ ನೀಲವ್ವನ್ನ," ಎಂದರು. ನಾನು ಬೂಟು ಹಾಕಿಕೊಂಡು ಗಾಡಿ ನಡೆಸುವವನು. ಒಮ್ಮೆ ಕೈಯಿಟ್ಟು ನೋಡಲಿಲ್ಲ. ಅವರ ಮಾತೇ ಸಾಕೆಂದುಕೊಂಡೆ.

ಮರುದಿನ ಅಕ್ಕನನ್ನು ಕೂರಿಸಿಕೊಂಡು ಹುನಗುಂದದ ದಾರಿಯಲ್ಲಿ ಒಂದು ಸುತ್ತು ಹೋಗಿಬಂದೆವು. ಗಾಳಿಗೆ ಸೆರಗು ಹಾರಿದರೆ ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದಳು. ಜೋಳದ ಹೊಲ ಕಂಡರೆ, "ಅಯ್ಯ, ಎಷ್ಟ ಎತ್ತರ ಬೆಳದಾವ!" ಎಂದಳು. ಆರು ವರ್ಷದಲ್ಲಿ ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಸಂಜೆ ಅವಳ ಕಾಲು ತೊಳೆಯಲು ಹೋದ ಅವ್ವ ಚೀರಿದಳು. ಎರಡೂ ಹಿಮ್ಮಡಿಗಳಲ್ಲಿ ಲಿಂಬೆಹಣ್ಣಿನಷ್ಟು ಬೊಬ್ಬೆ. ಅಕ್ಕ ಅದನ್ನು ನೋಡಿ, ಬೇರೆ ಯಾರದೋ ಕಾಲು ಎಂಬಂತೆ, "ನಾ ಅಲ್ಲೆ ನಗಾಕತ್ತಿದ್ನಿ. ಇದು ಇಲ್ಲೆ ಸುಡಾಕತ್ತಿತ್ತು," ಎಂದಳು.

"ಇನ್ನ ಆಕಿ ಆ ಗಾಡಿ ಹತ್ತಬೇಕಾದ್ರ ನನ್ನ ಹೆಣದ ಮ್ಯಾಲ ಹಾಯಿಸ್ಕೊಂಡು ಹೋಗು," ಎಂದಳು ಅವ್ವ. ನಾನು ಹೋಗಿ ಗಾಡಿಗೆ ಗೋಣಿತಟ್ಟು ಮುಚ್ಚಿದೆ.

ಕಾಕಾನಿಗೆ ಸುದ್ದಿ ಮುಟ್ಟಿತು. ಮರುದಿನ ಬೇವಿನ ಗಿಡದ ಕೆಳಗೆ ಭಟ್ಟಿ ಹೊತ್ತಲಿಲ್ಲ, ಅದರ ಮರುದಿನವೂ ಇಲ್ಲ. ಓಣಿಯ ಪಾತ್ರೆಗಳೆಲ್ಲ ಕಪ್ಪಾಗಿಯೇ ಕೂತವು. ಬೊಬ್ಬೆ ಒಣಗಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಒಮ್ಮೆಯೂ ಅವರು ನಮ್ಮ ಮನೆಯ ಮುಂದೆ ಹಾಯಲಿಲ್ಲ. ಕೊನೆಗೆ ಅಕ್ಕನೇ ನನ್ನನ್ನು ಕಳಿಸಿದಳು: "ಕಾಕಾಗ ಬರಾಕ ಹೇಳು. ಬರಲಿಲ್ಲಂದ್ರ ನಾನ ತೆವಳ್ಕೋತ ಬರ್ತೇನಿ ಅಂತ ಹೇಳು."

ಬಂದರು. ಪಡಸಾಲೆಯ ಹೊರಗೇ ನಿಂತರು. "ನನ್ನ ಅಂಗಾಲು ಸತ್ತ ಚರ್ಮ, ಮಗಳ. ಅದನ್ನ ಸಾಕ್ಷಿ ಅಂತ ನಂಬಿದ್ನಿ. ನಾ ಮಾಡಿದ್ದು ತಪ್ಪು," ಎಂದರು.

"ನಂದೂ ಸತ್ತ ಕಾಲು, ನಿಮ್ಮದೂ ಸತ್ತ ಅಂಗಾಲು. ಇಬ್ಬರೂ ಕೂಡೇ ಮೋಸ ಹೋದ್ವಿ ತಗೋರಿ," ಎಂದು ಅಕ್ಕ ನಕ್ಕಳು. ಆಮೇಲೆ ಅಟ್ಟದತ್ತ ಕೈ ತೋರಿಸಿ, "ತಮ್ಮಾ, ನನ್ನ ಹಂಡೆ ಇಳಸು," ಎಂದಳು. ನಾನು ಇಳಿಸಿಟ್ಟೊಡನೆ ಕಾಕಾನ ಕಡೆ ತಿರುಗಿದಳು: "ಇದನ್ನ ಕತ್ತರಿಸ್ರಿ ಕಾಕಾ. ಚಿಲ್ಲರಿ ತಾಮ್ರ ಬ್ಯಾಡ. ದಪ್ಪಂದು ಐತಿ ಇದು."

ಅವ್ವ ಬಾಗಿಲಿಗೆ ಬಂದು ನಿಂತಳು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. "ಮದವಿ ಹಂಡೆ ಕತ್ತರಸೂದು ಅಪಶಕುನವ್ವಾ."

"ಆರು ವರ್ಷ ಅಟ್ಟದ ಮ್ಯಾಲ ಬೋರಲ ಬಿದ್ದಿದ್ದು ಶಕುನ ಏನ್ರಿ? ಅದರ ಮ್ಯಾಲ ಯಾರ ಹೆಸರೈತಿ? ನಂದ ಹೌದಲ್ಲ? ಹಂಗಾದ್ರ ನಾ ಹೇಳಿದ್ದಾಗಲಿ."

ಹಂಡೆಯನ್ನು ಎತ್ತಿ ಕಾಕಾನ ಕೈಗೆ ಕೊಟ್ಟವಳು ಅವ್ವ.

ಹಂಡೆ ಸೀಳಿ ಬಿಡಿಸಿ, ಕಲಾಯಿ ಕೆರೆದು, ಎರಡು ಹಾಳೆ ಮಾಡುವುದಕ್ಕೆ ಅವರಿಗೆ ಹತ್ತು ದಿನ ಬೇಕಾಯಿತು. ಹೆಸರಿದ್ದ ಜಾಗಕ್ಕೆ ಕತ್ತರಿ ತಾಗಿಸಲಿಲ್ಲ. ಒಂದು ಸಂಜೆ ನಾನು ಹೋದಾಗ, ಭಟ್ಟಿಯಿಂದ ತೆಗೆದ ಬಿಸಿ ಪಾತ್ರೆಯನ್ನು ಎಂದಿನಂತೆ ಮೂರು ಕೆಂಪು ಹಳ್ಳುಕಲ್ಲುಗಳ ಮೇಲೆ ಇಡುತ್ತಿದ್ದವರು ಹಾಗೇ ತಡೆದು ನಿಂತರು. ಪಾತ್ರೆ ಸರಿಸಿ, ಹಳ್ಳುಗಳ ನಡುವಿನ ನೆಲ ಮುಟ್ಟಿ ನೋಡಿ, ತಣ್ಣಗಿದ್ದದ್ದು ಕಂಡು ಹಣೆ ಬಡಿದುಕೊಂಡರು. "ನೆಲಾ ಸುಡಬಾರದಂತ ಹಳ್ಳು ಇಡತೇನಿ. ನನ್ನ ಅಪ್ಪನೂ ಇಡತಿದ್ದ. ಗಾಡ್ಯಾಗ ಮಾತ್ರ ತಗಡು ಹಲಗಿಗೆ ಅಪ್ಪಿಸಿ ಕೂಡಿಸಿದ್ನಲ್ಲೋ! ಬೆಂಕಿ ಜೋಡಿ ಕುಸ್ತಿ ಹಿಡೀಬಾರದು ತಮ್ಮಾ. ಅದಕ್ಕ ಹೋಗಾಕ ದಾರಿ ಬಿಡಬೇಕು."

ಕುಂಬಾರನಿಂದ ಸಣ್ಣ ಸಣ್ಣ ಮಣ್ಣಿನ ಬಳೆ ಸುಡಿಸಿ ತಂದೆವು. ಕೊಳವೆಯಿಂದ ನಾಲ್ಕು ಬೆರಳು ಬಿಟ್ಟು ಒಂದು ತಗಡು, ಅದರಿಂದ ಎರಡು ಬೆರಳು ಬಿಟ್ಟು ಇನ್ನೊಂದು, ಅಲ್ಲಿಂದ ಮತ್ತೆರಡು ಬೆರಳು ಬಿಟ್ಟು ಹಲಗೆ. ಎಲ್ಲಿಯೂ ಒಂದಕ್ಕೊಂದು ತಾಗದಂತೆ ನಡುವೆ ಮಣ್ಣಿನ ಬಳೆ. ಮುಂದಿನ ತುದಿಯನ್ನು ಮೊರದ ಬಾಯಿಯಂತೆ ಅಗಲ ಮಾಡಿದರು. ಗಾಡಿ ಓಡಿದಷ್ಟೂ ಗಾಳಿ ಒಳನುಗ್ಗಿ ಹಿಂದೆ ಹೋಗಬೇಕು. ಜಿನ್ನಿನಲ್ಲಿ ಇಷ್ಟು ವರ್ಷ ಕಳೆದ ನನಗೆ ಇಂಜಿನ್ ಬಗ್ಗೆ ಗೊತ್ತಿಲ್ಲದ್ದು, ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಮೂರು ಹಳ್ಳುಗಳಿಂದ ಗೊತ್ತಾಗಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ.

ಪರೀಕ್ಷೆಯ ದಿನ ನಾನು ಬೂಟು ಬಿಚ್ಚಿ, "ಈ ಸಲ ನಾ ಕಾಲಿಡತೇನಿ, ನಿಮ್ಮ ಕಾಲು ಬ್ಯಾಡ," ಎಂದೆ. "ನೀ ಗಾಡಿ ಹೊಡಿ," ಎಂದವರೇ ಒಳಗೆ ಹತ್ತಿ, ರುಮಾಲು ತೆಗೆದು ಬದಿಗಿಟ್ಟು, ಅಕ್ಕನ ಹಿಮ್ಮಡಿ ಬರುವ ಜಾಗಕ್ಕೆ ಸರಿಯಾಗಿ ಕೆನ್ನೆಯಿಟ್ಟು ಮಲಗಿದರು. "ಅಂಗಾಲು ಸುಳ್ಳ ಹೇಳಿತು. ಕೆನ್ನಿ ಹೇಳೂದಿಲ್ಲ."

ಇಳಕಲ್ಲಿನಿಂದ ಹುನಗುಂದಕ್ಕೆ ಎಂಟು ಮೈಲು, ತಿರುಗಿ ಎಂಟು. ಧೂಳು, ತಗ್ಗು, ದಿಣ್ಣೆ. ಅವರ ಕಾಲುಗಳು ಗಾಡಿಯ ಹೊರಗೆ ಚಾಚಿಕೊಂಡಿದ್ದವು. ಹುನಗುಂದದ ಸುಂಕದ ನಾಕೆಯಲ್ಲಿ ಪೊಲೀಸನೊಬ್ಬ ಅಡ್ಡ ಬಂದು, "ಯಾರ ಹೆಣಾನೋ ಅದು?" ಎಂದು ಗದರಿದ. ಕಾಕಾ ತಲೆಯೆತ್ತಿ, "ಇನ್ನೂ ಆಗಿಲ್ರಿ ಸಾಹೇಬ್ರ. ಆದ ಮ್ಯಾಲ ತಿಳಸ್ತೇನಿ," ಎಂದು ಮತ್ತೆ ಕೆನ್ನೆಯಿಟ್ಟರು. ಇಳಕಲ್ಲಿಗೆ ಬಂದು ಎದ್ದಾಗ ಕೆನ್ನೆಯ ಮೇಲೆ ಹಲಗೆಯ ಗೆರೆಗಳು ಮೂಡಿದ್ದವು. ಸುಟ್ಟ ಕೆಂಪು ಎಲ್ಲಿಯೂ ಇರಲಿಲ್ಲ. ಆ ಕೆನ್ನೆಯೊಡನೆ ನೇರ ನಮ್ಮ ಅವ್ವನ ಮುಂದೆ ಹೋಗಿ ನಿಂತು, "ನೋಡ್ರೆವ್ವಾ," ಎಂದರು. ಅವ್ವ ನೋಡಿದಳು. ಒಳಗೆ ಹೋಗಿ ರೊಟ್ಟಿ ಕಟ್ಟಲು ಜೋಳದ ಹಿಟ್ಟು ನಾದತೊಡಗಿದಳು. ಅದೇ ಅವಳ ಒಪ್ಪಿಗೆ.

ಸಂಗಮಕ್ಕೆ ಹೊರಟೆವು. ಅಕ್ಕ, ಅವ್ವ, ನಾನು, ಹಿಂದೆ ಕಾಕಾ. ಮೂರು ಮೈಲಿಗೊಮ್ಮೆ, "ನಿಲ್ಲಸು," ಎನ್ನುವರು. ಇಳಿದು ಹೊಲದ ಕಡೆ ಮುಖ ಮಾಡಿ ನಿಲ್ಲುವರು. ಅವ್ವ ಅಕ್ಕನ ಹಿಮ್ಮಡಿ ನೋಡಿ "ಹೂಂ" ಎಂದ ಮೇಲೆಯೇ ಮತ್ತೆ ಹತ್ತುವರು. ನನಗೆ ಸಿಟ್ಟು ಬಂದು, "ಹಿಂಗಾದ್ರ ಹೊಳಿ ಬತ್ತಿ ಹೋದ ಮ್ಯಾಲ ಮುಟ್ಟತೇವಿ," ಎಂದೆ. "ಬತ್ತಲಿ ಬಿಡು. ಮಳಿ ಬರತೈತಿ," ಎಂದರು.

ಎರಡು ಹೊಳೆ ಕೂಡುವಲ್ಲಿ ಅಕ್ಕನನ್ನು ಎತ್ತಿಕೊಂಡು ಹೋಗಿ, ಮೆಟ್ಟಿಲ ಮೇಲೆ ಕಾಲು ನೀರಿಗೆ ಇಳಿಬಿಟ್ಟು ಕೂರಿಸಿದೆ. ಮರಿಮೀನುಗಳು ಬಂದು ಬೆರಳು ಕಚ್ಚಿದವು. ಅವಳಿಗೆ ಗೊತ್ತಾಗಲಿಲ್ಲ. ನೋಡುತ್ತಾ ಕುಳಿತಳು. "ಕಾಲಿಗೆ ತಿಳೀಲಿಲ್ಲಂದ್ರ ಏನಾತು, ಕಣ್ಣಿಗೆ ತಿಳಿಯಾಕತ್ತೈತಿ," ಎಂದಳು. ನಾನು ಆಚೆ ತಿರುಗಿ ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಅಕ್ಕನನ್ನು ಹಿಡಿಯುವವರು ಯಾರು? ಬಾದಾಮಿ ನೋಡಿದಳು. ಬಾಗಲಕೋಟೆಗೆ ಹೋಗಿ ರೈಲು ನೋಡಿದಳು. ಬರಬರುತ್ತಾ ಹುನಗುಂದ, ಕಮತಗಿ ಸಂತೆಗಳಿಗೆ ಓಣಿಯ ಸೀರೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ, ಗಾಡಿಯಿಂದಿಳಿಯದೆಯೇ ಮಾರಿ ಬರತೊಡಗಿದಳು. ಬಾಗಿಲ ಚೌಕಟ್ಟಿನಲ್ಲಿ ಲೋಕ ನೋಡುತ್ತಿದ್ದವಳನ್ನು ಸಂತೆಯಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳು, "ನೀಲಕ್ಕ ಬಂದ್ಲು," ಎಂದು ಸುತ್ತುಗಟ್ಟುತ್ತಿದ್ದರು. ಗಾಡಿ ಏಳು ವರ್ಷ ಓಡಿತು. ಅವಳ ಕಾಲಿಗೆ ಇನ್ನೊಂದು ಬೊಬ್ಬೆ ಬರಲಿಲ್ಲ.

ಗಾಡಿ ಮುದಿಯಾಗಿ ಕೂತ ಮೇಲೆ ನಾನು ತಗಡು ಬಿಚ್ಚಿ ತಂದೆ. ಅಕ್ಕ ಅದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಳು. ಚಳಿಗಾಲದಲ್ಲಿ ಒಲೆಯ ಮುಂದೆ ಕೂರುವಾಗ ಬೆಂಕಿಗೂ ಅವಳ ಕಾಲಿಗೂ ನಡುವೆ ಅದು ನಿಲ್ಲುತ್ತದೆ. ಎರಡು ತಗಡು, ನಡುವೆ ಎರಡು ಬೆರಳು ಗಾಳಿ. ಅವಳ ಕಡೆಗಿರುವ ತಗಡಿನ ಮೇಲೆ ಮದುವೆಗೆಂದು ಚುಕ್ಕೆಯಲ್ಲಿ ಹೊಡೆದ ಅವಳದೇ ಹೆಸರು.

ಮೊನ್ನೆ ನಾನು ಕಾಕಾನ ಸಾವಿನ ಸುದ್ದಿ ಹೇಳಲು ಮನೆಗೆ ಬಂದಾಗ ಅವಳು ಅಲ್ಲಿಯೇ ಇದ್ದಳು, ಒಲೆ ಉರಿಯುತ್ತಿತ್ತು. ಕೇಳಿದವಳೇ ಹುಣಸೆಹುಳಿ, ಬೂದಿ ತರಿಸಿಕೊಂಡು, ಕಪ್ಪಾಗಿದ್ದ ತಗಡನ್ನು ತಿಕ್ಕಿ ತಿಕ್ಕಿ ಬೆಳಗಿದಳು. ಹೊಸ ತಾಮ್ರದಂತೆ ಕೆಂಪಗಾಯಿತು. ಅದನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಿ, ಉರಿಗೆ ಇನ್ನೆರಡು ಕಟ್ಟಿಗೆ ದೂಡಿ, ಬೆಂಕಿ ಚೆನ್ನಾಗಿ ಏಳುವವರೆಗೆ ಕಾದಳು. ಆಮೇಲೆ ನಿಧಾನವಾಗಿ ಬಾಗಿ, ಹೆಸರಿದ್ದ ಜಾಗಕ್ಕೆ ಕೆನ್ನೆಯಿಟ್ಟಳು.

ಅವಳನ್ನು ಹಿಂದಕ್ಕೆ ಎಳೆಯಲು ನಾನು ಕೈ ಚಾಚಿದೆ.

"ಸುಡೂದಿಲ್ಲೋ ತಮ್ಮಾ," ಎಂದಳು ಅಕ್ಕ. "ಇನ್ನೂ ತಣ್ಣಗೈತಿ."